ಸಣ್ಣ ಡೀಸೆಲ್ ಕಾರು ಎಲ್ಲಿ ಹೋಯಿತು? ಹೊಗೆ ನಿಯಮ, ಬೆಲೆ, ಮೈಲೇಜು: ಮೂವತ್ತು ವರ್ಷದ ಲೆಕ್ಕ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಅಂಕಿಅಂಶಗಳನ್ನು ಒಂದು ಕಡೆ ಜೋಡಿಸಿ ಇಲ್ಲಿ ಬರೆದಿದ್ದೇನೆ. ವಿಡಿಯೋದಲ್ಲಿ ಲೆಕ್ಕದ ಭಾಗ ಬೇಗ ಓಡಿಹೋಯಿತು. ಇಲ್ಲಿ ನಿಧಾನವಾಗಿ ನೋಡಬಹುದು.

ಪುಣೆಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಊರಿಗೆ ಕಾರಲ್ಲಿ ಹೋಗುವ ಮಾತು ಬಂದೇ ಬರುತ್ತೆ. ಬೆಳಗಾವಿ ದಾಟೋಕೆ ಎಷ್ಟು ಹೊತ್ತು, ಟೋಲ್ ಎಷ್ಟು, ಡೀಸೆಲ್ ಎಷ್ಟು ಹಿಡೀತು. ಆಗ ಯಾರಾದರೂ ಒಬ್ಬರು ಈ ಮಾತು ಹೇಳಿಯೇ ಹೇಳ್ತಾರೆ: "ಮೊದಲು ಸ್ವಿಫ್ಟ್ ಡೀಸೆಲ್ ಅಂತ ಒಂದು ಗಾಡಿ ಇತ್ತು, ಒಂದು ಟ್ಯಾಂಕ್ ಹಾಕಿಸಿದರೆ ಬೆಂಗಳೂರು ಮುಟ್ಟಿ ಇನ್ನೂ ಉಳೀತಿತ್ತು. ಈ ಬಿಎಸ್-6 ಬಂದು ಎಲ್ಲ ಹಾಳು ಮಾಡಿತು." ಇದರಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧ ಏನು ಅನ್ನೋದೇ ಇವತ್ತಿನ ವಿಷಯ. ಇದು ಬರೀ ಕಾರಿನ ಕಥೆಯಲ್ಲ. ನಮ್ಮ ದೇಶದಲ್ಲಿ ಒಂದು ನಿಯಮ ಹೇಗೆ ಹುಟ್ಟುತ್ತೆ, ಅದರ ಖರ್ಚು ಕೊನೆಗೆ ಯಾರ ಜೇಬಿಂದ ಹೋಗುತ್ತೆ ಅನ್ನೋದರ ಕಥೆ.

ಇಂಜಿನ್ನಿನ ಸ್ವಭಾವ

ಮೊದಲು ಇಂಜಿನ್ ವಿಷಯ ಎರಡು ನಿಮಿಷ. ಪೆಟ್ರೋಲ್ ಇಂಜಿನ್‌ನಲ್ಲಿ ಗಾಳಿ, ಇಂಧನ ಬೆರೆಸಿ ಸ್ಪಾರ್ಕ್ ಪ್ಲಗ್‌ನಿಂದ ಕಿಡಿ ಹೊತ್ತಿಸುತ್ತಾರೆ. ಡೀಸೆಲ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಡೀಸೆಲ್ ಚಿಮ್ಮಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತೆ. ಒತ್ತಡ ಜಾಸ್ತಿ, ಗಾಳಿಯೂ ಜಾಸ್ತಿ, ಅದಕ್ಕೇ ಮೈಲೇಜು ಜಾಸ್ತಿ. ಜೊತೆಗೆ ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಶಕ್ತಿಯೂ ಸ್ವಲ್ಪ ಹೆಚ್ಚು.

ತೊಂದರೆ ಹುಟ್ಟೋದೂ ಇದೇ ಗುಣದಿಂದ. ಚಿಮ್ಮಿದ ಡೀಸೆಲ್ ಹನಿಯ ಸುತ್ತ ಗಾಳಿ ಸರಿಯಾಗಿ ಬೆರೆಯದ ಕಡೆ ಮಸಿ ಹುಟ್ಟುತ್ತೆ. ಗಾಳಿ ಧಾರಾಳವಾಗಿದ್ದು ಬಿಸಿ ವಿಪರೀತ ಏರಿದ ಕಡೆ ಸಾರಜನಕವೂ ಆಮ್ಲಜನಕವೂ ಕೂಡಿಕೊಂಡು ನೈಟ್ರೋಜನ್ ಆಕ್ಸೈಡ್ ಆಗುತ್ತೆ. ಇದನ್ನೇ ನಾಕ್ಸ್ ಅಂತಾರೆ. ಬಿಸಿ ಇಳಿಸಿದರೆ ನಾಕ್ಸ್ ಕಡಿಮೆಯಾಗುತ್ತೆ, ಮಸಿ ಜಾಸ್ತಿಯಾಗುತ್ತೆ. ಬಿಸಿ ಏರಿಸಿದರೆ ಮಸಿ ಕಡಿಮೆ, ಮೈಲೇಜೂ ಚೆನ್ನ, ಆದರೆ ನಾಕ್ಸ್ ಏರುತ್ತೆ. ಪೆಟ್ರೋಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿ ಕೂತಿರುವ ಕ್ಯಾಟಲಿಟಿಕ್ ಕನ್ವರ್ಟರ್ ಒಂದೇ ಡಬ್ಬಿಯಲ್ಲಿ ಮೂರು ಬಗೆಯ ವಿಷ ತೆಗೆಯುತ್ತೆ. ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇರೋದರಿಂದ ಆ ಡಬ್ಬಿಯಿಂದ ನಾಕ್ಸ್ ಹೋಗಲ್ಲ. ಹಾಗಾಗಿ ನಿಯಮ ಬಿಗಿಯಾದಾಗಲೆಲ್ಲ ಇಂಜಿನಿಯರ್ ಮುಂದೆ ಎರಡೇ ದಾರಿ: ಮೈಲೇಜು ಸ್ವಲ್ಪ ಬಿಟ್ಟುಕೊಡು, ಇಲ್ಲ ದುಡ್ಡು ಸುರಿದು ಹೊಸ ಯಂತ್ರ ಸೇರಿಸು. ಮುಂದೆ ಬರುವ ಮೂವತ್ತು ವರ್ಷದ ಇತಿಹಾಸ ಪೂರ್ತಿ ಈ ಎರಡು ದಾರಿಯ ನಡುವಿನ ಜಗ್ಗಾಟವೇ.

ಕೋರ್ಟಿನಿಂದ ಬಂದ ನಿಯಮ

ನಮ್ಮಲ್ಲಿ ಪೆಟ್ರೋಲ್ ಗಾಡಿಗಳಿಗೆ ಹೊಗೆ ಮಿತಿ ಬಂದದ್ದು 1991ರಲ್ಲಿ, ಡೀಸೆಲ್‌ಗೆ 1992ರಲ್ಲಿ. ಹೆಸರಿಗೆ ಮಿತಿ, ಅಷ್ಟೆ. ಆಗಿನ ಡೀಸೆಲ್ ಕಾರು ಅಂದರೆ ಅಂಬಾಸಿಡರ್ ಡೀಸೆಲ್. ಟ್ಯಾಕ್ಸಿಯವರ ಗಾಡಿ. ಏರು ಬಂದರೆ ಹಿಂದೆ ಬರುವವರಿಗೆ ರಸ್ತೆಯೇ ಕಾಣ್ತಿರಲಿಲ್ಲ.

ನಿಜವಾದ ಒತ್ತಡ ಶುರುವಾದದ್ದು ದೆಹಲಿಯಿಂದ. ವಕೀಲರಾದ ಎಂ.ಸಿ. ಮೆಹ್ತಾ 1985ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ದೆಹಲಿಯ ವಾಹನ ಮಾಲಿನ್ಯದ ಬಗ್ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. 1996ರಲ್ಲಿ ಅನಿಲ್ ಅಗರ್ವಾಲ್ ಅವರ ಸಿಎಸ್‌ಇ ಸಂಸ್ಥೆ ವಾಹನದ ಹೊಗೆಯನ್ನು ನಿಧಾನದ ಕೊಲೆ ಅಂತ ಕರೆದು ಒಂದು ವರದಿ ತಂದಿತು. 1998ರಲ್ಲಿ ಭೂರೇ ಲಾಲ್ ಅವರ ನೇತೃತ್ವದಲ್ಲಿ ದೆಹಲಿ ಪ್ರದೇಶಕ್ಕೆ ಪರಿಸರ ಮಾಲಿನ್ಯ ಪ್ರಾಧಿಕಾರ ಬಂತು.

ಅದೇ ವರ್ಷದ ಕೊನೆಯಲ್ಲಿ, 1998ರ ಡಿಸೆಂಬರ್ 30ಕ್ಕೆ, ಟಾಟಾ ಇಂಡಿಕಾ ಬಿಡುಗಡೆಯಾಯಿತು. ನಮ್ಮ ಪುಣೆಯ ಪಿಂಪ್ರಿಯಲ್ಲಿ ತಯಾರಾದ ಗಾಡಿ. ಮಧ್ಯಮ ವರ್ಗದ ಮನೆಗೆ ಡೀಸೆಲ್ ಕಾರು ತಂದದ್ದು ಅದೇ. ಕೊಂಡವರು ಇನ್ನೂ ಪೆಡೆ ಹಂಚಿ ಮುಗಿಸಿರಲಿಲ್ಲ, ನಾಲ್ಕೇ ತಿಂಗಳಿಗೆ, 1999ರ ಏಪ್ರಿಲ್ 29ಕ್ಕೆ ಸುಪ್ರೀಂ ಕೋರ್ಟ್ ಆದೇಶ ಬಂತು: ದೆಹಲಿ ಪ್ರದೇಶದಲ್ಲಿ ಖಾಸಗಿ ಕಾರುಗಳಿಗೆ ಜೂನ್‌ನಿಂದ ಯುರೋ-1, ಮುಂದಿನ ವರ್ಷ ಏಪ್ರಿಲ್‌ನಿಂದ ಯುರೋ-2. ಯುರೋಪಿನಲ್ಲಿ ನಾಲ್ಕು ವರ್ಷ ಹಿಡಿದ ಹೆಜ್ಜೆ ಇಲ್ಲಿ ಹತ್ತು ತಿಂಗಳಲ್ಲಿ.

ಇಲ್ಲೊಂದು ವಿಷಯ ಗಮನಿಸಿ. ನಿಯಮ ಸರ್ಕಾರದ ಯೋಜನೆಯಿಂದ ಬರಲಿಲ್ಲ, ಕೋರ್ಟಿನ ಆದೇಶದಿಂದ ಬಂತು. ಸರ್ಕಾರ ವರ್ಷಗಟ್ಟಲೆ ಮುಂದಕ್ಕೆ ಹಾಕೋದು, ಕೋರ್ಟ್ ಒಂದು ದಿನ ಗಡುವು ಕೊಡೋದು, ಕಂಪನಿಗಳು ಕಡೇ ಗಳಿಗೆಯಲ್ಲಿ ಓಡಾಡೋದು. ಈ ಚಾಳಿ ಆಮೇಲೆ ಇಪ್ಪತ್ತು ವರ್ಷ ಹಾಗೇ ಉಳಿಯಿತು.

ನಿಯಮ ಬಿಗಿಯಾಯಿತು, ಮೈಲೇಜು ಏರಿತು

ಈಗ ಬೆಂಗಳೂರಿಗೆ ಬರೋಣ. ಆಡುಗೋಡಿಯ ಮೈಕೋ ಗೊತ್ತಲ್ಲ? ನಮ್ಮ ಹಿಂದಿನ ತಲೆಮಾರಿನಲ್ಲಿ "ಹುಡುಗ ಮೈಕೋದಲ್ಲಿದ್ದಾನೆ" ಅಂದರೆ ಹೆಣ್ಣು ಕೊಡೋಕೆ ಮತ್ತೆ ಪ್ರಶ್ನೆ ಕೇಳ್ತಿರಲಿಲ್ಲ. 1951ರಲ್ಲಿ ಶುರುವಾದ ಈ ಕಂಪನಿಯ ಮುಖ್ಯ ಸರಕೇ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪು. ಟ್ರ್ಯಾಕ್ಟರ್, ಲಾರಿ, ಬಸ್ಸು, ಎಲ್ಲದರ ಹೊಟ್ಟೆಯಲ್ಲೂ ಮೈಕೋ ಪಂಪು. 2008ರಲ್ಲಿ ಅದರ ಹೆಸರು ಬಾಷ್ ಅಂತಲೇ ಬದಲಾಯಿತು.

ಹಳೇ ಪಂಪಿನಲ್ಲಿ ಎಷ್ಟು ಡೀಸೆಲ್ ಯಾವಾಗ ಚಿಮ್ಮಬೇಕು ಅನ್ನೋದನ್ನು ಲೋಹದ ಕ್ಯಾಮು, ಸ್ಪ್ರಿಂಗು ತೀರ್ಮಾನಿಸುತ್ತಿದ್ದವು. ಆಮೇಲೆ ಬಂದದ್ದು ಕಾಮನ್ ರೈಲ್. 2002ರ ಹ್ಯುಂಡೈ ಆಕ್ಸೆಂಟ್ ಸಿಆರ್‌ಡಿಐ ಇದನ್ನು ನಮ್ಮ ಕಾರು ಮಾರುಕಟ್ಟೆಗೆ ತಂದ ಮೊದಲಿಗರ ಸಾಲಿನದು. ಇದರಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಡೀಸೆಲ್ ಒಂದು ಕೊಳವೆಯಲ್ಲಿ ಕಾದು ನಿಂತಿರುತ್ತೆ. ಯಾವ ಸಿಲಿಂಡರ್‌ಗೆ, ಯಾವ ಕ್ಷಣಕ್ಕೆ, ಎಷ್ಟು, ಎಷ್ಟು ಕಂತಿನಲ್ಲಿ ಅಂತ ಕಂಪ್ಯೂಟರ್ ತೀರ್ಮಾನಿಸುತ್ತೆ. ಹನಿ ಸಣ್ಣದಾದಷ್ಟೂ ಮಸಿ ಕಡಿಮೆ, ಉರಿಯುವುದೂ ಚೆನ್ನ. ಅಂದರೆ ಹೊಗೆಯೂ ಇಳಿಯಿತು, ಮೈಲೇಜೂ ಏರಿತು, ಗಡಗಡ ಸದ್ದೂ ತಗ್ಗಿತು.

2007ರ ಜನವರಿಯಲ್ಲಿ ಸ್ವಿಫ್ಟ್ ಡೀಸೆಲ್ ಬಂತು. ಅದರ 1.3 ಲೀಟರ್ ಇಂಜಿನ್ ಮೂಲತಃ ಇಟಲಿಯ ಫಿಯಟ್‌ನದು. ಮಾರುತಿ ಅದನ್ನು ಹರಿಯಾಣದಲ್ಲಿ ತಯಾರಿಸಿತು, ಟಾಟಾ-ಫಿಯಟ್ ಜೋಡಿ ಪುಣೆ ಹತ್ತಿರದ ರಾಂಜಣಗಾಂವ್‌ನಲ್ಲಿ ತಯಾರಿಸಿತು. ಸ್ವಿಫ್ಟ್, ಡಿಜೈರ್, ರಿಟ್ಜ್, ಪುಂಟೋ, ಲೀನಿಯಾ, ಇಂಡಿಕಾ ವಿಸ್ಟಾ, ಎಲ್ಲದರಲ್ಲೂ ಅದೇ. ಜನ ತಮಾಷೆಗೆ ರಾಷ್ಟ್ರೀಯ ಇಂಜಿನ್ ಅಂತ ಕರೀತಿದ್ದರು.

ಕಂಪನಿ ಹೇಳುವ ಪ್ರಮಾಣೀಕೃತ ಮೈಲೇಜು ನೋಡಿ. 2011ರ ಸ್ವಿಫ್ಟ್ ಡೀಸೆಲ್ ಲೀಟರಿಗೆ 22.9 ಕಿ.ಮೀ. 2014ರಲ್ಲಿ 25.2. 2018ರಲ್ಲಿ 28.4. ರಸ್ತೆಯಲ್ಲಿ ಇಷ್ಟು ಬರಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಒಂದೇ ಅಳತೆಗೋಲಿನಲ್ಲಿ ಏರುತ್ತಾ ಬಂದಿದೆ. "ಹೊಗೆ ನಿಯಮ ಬಂದರೆ ಮೈಲೇಜು ಬೀಳುತ್ತೆ" ಅನ್ನೋ ಮಾತಿಗೆ ಇದು ಮೊದಲ ಉತ್ತರ. ನಿಯಮ ತಾನಾಗಿ ಮೈಲೇಜು ತಿನ್ನುತ್ತೆ, ನಿಜ. ಆದರೆ ಆ ನಿಯಮಕ್ಕಾಗಿಯೇ ಬಂದ ತಂತ್ರಜ್ಞಾನ ತಿಂದಿದ್ದಕ್ಕಿಂತ ಹೆಚ್ಚು ವಾಪಸ್ ಕೊಟ್ಟಿತು.

ಗಂಧಕ ಮತ್ತು ಎರಡು ಭಾರತ

ಇಂಜಿನ್ ಒಂದನ್ನೇ ಸರಿ ಮಾಡಿದರೆ ಆಗಲ್ಲ. ಡೀಸೆಲ್‌ನಲ್ಲಿ ಗಂಧಕ ಇದ್ದರೆ ಹೊಗೆ ಶುದ್ಧ ಮಾಡುವ ಡಬ್ಬಿಗಳು ಬೇಗ ಕೆಡುತ್ತವೆ. 90ರ ದಶಕದ ಶುರುವಿನಲ್ಲಿ ನಮ್ಮ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 10,000 ಭಾಗದ ತನಕ ಇರಬಹುದಿತ್ತು. ಬಿಎಸ್-2ಕ್ಕೆ ಅದು 500, ಬಿಎಸ್-3ಕ್ಕೆ 350, ಬಿಎಸ್-4ಕ್ಕೆ 50, ಬಿಎಸ್-6ಕ್ಕೆ 10. ಈ ಒಂದು ಸಾಲಿನ ಹಿಂದೆ ಎಷ್ಟು ರಿಫೈನರಿಗಳ ಬದಲಾವಣೆ ಇದೆ ಯೋಚಿಸಿ.

ಇದಕ್ಕೊಂದು ದಾರಿ ಹಾಕಿಕೊಟ್ಟದ್ದು ಪುಣೆಯ ವಿಜ್ಞಾನಿ ಆರ್.ಎ. ಮಾಶೇಲ್ಕರ್ ಅವರ ಸಮಿತಿ, 2002ರಲ್ಲಿ. ಮೊದಲು ದೊಡ್ಡ ನಗರಗಳಿಗೆ, ಐದು ವರ್ಷ ಬಿಟ್ಟು ಇಡೀ ದೇಶಕ್ಕೆ ಅನ್ನೋದು ಅದರ ಸೂತ್ರ. ಅದರಂತೆ 2005ರಲ್ಲಿ ನಗರಗಳಿಗೆ ಬಿಎಸ್-3, 2010ರಲ್ಲಿ ದೇಶಕ್ಕೆ ಬಿಎಸ್-3 ಮತ್ತು 13 ನಗರಗಳಿಗೆ ಬಿಎಸ್-4.

ಕಾಗದದ ಮೇಲೆ ಸರಿಯಾಗಿಯೇ ಇತ್ತು. ರಸ್ತೆಯಲ್ಲಿ ನೋಡಿ. ಆ 13ರ ಪಟ್ಟಿಯಲ್ಲಿ ಪುಣೆ ಇತ್ತು, ಸೊಲ್ಲಾಪುರ ಇತ್ತು, ಬೆಂಗಳೂರು ಇತ್ತು. ನಡುವೆ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ ಇರಲಿಲ್ಲ. 50 ಭಾಗದ ಡೀಸೆಲ್‌ಗೆ ಅಂತ ತಯಾರಾದ ಪುಣೆಯ ಕಾರು ಹುಬ್ಬಳ್ಳಿಯಲ್ಲಿ 350 ಭಾಗದ ಡೀಸೆಲ್ ಕುಡಿಯಬೇಕು. ಲಾರಿಗಳಿಗಂತೂ ಇನ್ನೂ ಕಷ್ಟ. ದೇಶ ಸುತ್ತುವ ಲಾರಿಗೆ ನಗರದ ನಿಯಮ ಅಂತ ಹೇಗೆ ಹಾಕ್ತೀರಿ? ಅದು ಎಲ್ಲಿ ಅಗ್ಗವೋ ಅಲ್ಲಿ ನೋಂದಣಿ ಆಗುತ್ತೆ, ಎಲ್ಲಿ ಅಗ್ಗವೋ ಅಲ್ಲಿ ತುಂಬಿಸಿಕೊಳ್ಳುತ್ತೆ, ಹೊಗೆ ಮಾತ್ರ ಎಲ್ಲ ಊರಿಗೂ ಹಂಚುತ್ತೆ.

ಇಡೀ ದೇಶಕ್ಕೆ ಬಿಎಸ್-4 ಬರುವಷ್ಟರಲ್ಲಿ 2017ರ ಏಪ್ರಿಲ್ ಆಗಿತ್ತು. ಆಗಲೂ ಅದೇ ಹಳೇ ಚಾಳಿ. ಹಳೇ ಸ್ಟಾಕ್ ಮಾರಿಕೊಳ್ಳಬಹುದು ಅಂದುಕೊಂಡಿದ್ದ ಕಂಪನಿಗಳಿಗೆ ಮಾರ್ಚ್ 29ಕ್ಕೆ ಸುಪ್ರೀಂ ಕೋರ್ಟ್ ಆಗಲ್ಲ ಅಂತು. ಎಂಟು ಲಕ್ಷಕ್ಕೂ ಹೆಚ್ಚು ಬಿಎಸ್-3 ಗಾಡಿಗಳು ಉಳಿದುಕೊಂಡಿದ್ದವು, ಬಹುಪಾಲು ದ್ವಿಚಕ್ರ. ಮಾರ್ಚ್ 30, 31ಕ್ಕೆ ಶೋರೂಮುಗಳ ಮುಂದೆ ರಿಯಾಯಿತಿಗೆ ಜನ ಮುಗಿಬಿದ್ದದ್ದು ನಿಮಗೆ ನೆನಪಿರಬಹುದು.

ಕೋಡ್‌ನಲ್ಲಿ ನಡೆದ ಮೋಸ

ಇಲ್ಲಿಂದ ನನ್ನ ವೃತ್ತಿಗೆ ಹತ್ತಿರದ ಭಾಗ. ಕಾಮನ್ ರೈಲ್ ಬಂದ ಮೇಲೆ ಇಂಜಿನ್ನಿನ ನಡವಳಿಕೆ ತೀರ್ಮಾನ ಆಗೋದು ಸಾಫ್ಟ್‌ವೇರಿನಲ್ಲಿ. ಅದರೊಳಗೆ ಸಾವಿರಾರು ಕೋಷ್ಟಕಗಳಿರುತ್ತವೆ: ಇಷ್ಟು ವೇಗ, ಇಷ್ಟು ಭಾರ ಇದ್ದಾಗ ಇಷ್ಟು ಡೀಸೆಲ್, ಇಷ್ಟು ಹೊಗೆ ವಾಪಸ್ ಒಳಗೆ. ಅದನ್ನು ಬದಲಿಸಿದರೆ ಅದೇ ಇಂಜಿನ್ ಸಾಧುವೂ ಆಗಬಹುದು, ಕಳ್ಳನೂ ಆಗಬಹುದು.

ಪರೀಕ್ಷೆ ನಡೆಯುತ್ತಿದ್ದದ್ದು ಪ್ರಯೋಗಾಲಯದಲ್ಲಿ, ರೋಲರ್ ಮೇಲೆ ಕಾರು ನಿಲ್ಲಿಸಿ. ನಮ್ಮ ದೇಶದ ಪರೀಕ್ಷೆಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಯಾವ ಸೆಕೆಂಡಿಗೆ ಯಾವ ವೇಗ ಅನ್ನೋದು ಮೊದಲೇ ಎಲ್ಲರಿಗೂ ಗೊತ್ತು. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕ ಪರೀಕ್ಷೆ ಇದ್ದ ಹಾಗೆ.

2013ರಲ್ಲಿ ಜನರಲ್ ಮೋಟರ್ಸ್ ಇಂಡಿಯಾ 1.14 ಲಕ್ಷ ತವೇರಾಗಳನ್ನು ವಾಪಸ್ ಕರೆಸಿಕೊಂಡಿತು. ತಪಾಸಣೆಗೆ ಹೋಗುವ ಗಾಡಿಗಳಿಗೆ ಕಡಿಮೆ ಹೊಗೆಯ ಆಯ್ದ ಇಂಜಿನ್‌ಗಳನ್ನು ಕೂರಿಸಿ ಕಳಿಸುತ್ತಿದ್ದರು ಅನ್ನೋದು ಹೊರಬಿತ್ತು, ಕಂಪನಿಯೇ ಒಪ್ಪಿಕೊಂಡಿತು. ಅದು ಹಳೇ ಶೈಲಿಯ ಮೋಸ, ಸ್ಪ್ಯಾನರ್ ಹಿಡಿದು ಮಾಡಿದ್ದು.

ಎರಡು ವರ್ಷದ ನಂತರ, 2015ರ ಸೆಪ್ಟೆಂಬರ್‌ನಲ್ಲಿ, ಫೋಕ್ಸ್‌ವ್ಯಾಗನ್ ಸಿಕ್ಕಿಬಿತ್ತು. ಅದರ ಸಾಫ್ಟ್‌ವೇರ್ "ಈಗ ಪರೀಕ್ಷೆ ನಡೀತಿದೆ" ಅಂತ ಗುರುತಿಸಿ ಆಗ ಮಾತ್ರ ಹೊಗೆ ಶುದ್ಧಿ ಪೂರ್ತಿ ಮಾಡುತ್ತಿತ್ತು. ರಸ್ತೆಗೆ ಇಳಿದರೆ ಬಿಟ್ಟುಬಿಡುತ್ತಿತ್ತು. ಅಮೆರಿಕದಲ್ಲಿ ನಾಕ್ಸ್ ಮಿತಿಯ 40 ಪಟ್ಟಿನ ತನಕ ಹೋಗುತ್ತಿತ್ತು ಅಂತ ಅಲ್ಲಿನ ಪರಿಸರ ಸಂಸ್ಥೆ ಹೇಳಿತು. ಇದರ ಮೊದಲ ಸುಳಿವು ಕೊಟ್ಟದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ. ಅಳತೆ ಯಂತ್ರವನ್ನು ಕಾರಿನಲ್ಲೇ ಹೇರಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿ ಅಳೆದರು. ಆ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ. ಜಗತ್ತಿನ ದೊಡ್ಡ ಕಾರು ಕಂಪನಿಯ ಬಣ್ಣ ಬಯಲಾದ ಕಥೆಯಲ್ಲಿ ಕನ್ನಡದ ಒಂದು ಹೆಸರಿದೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇಲ್ಲಿ ಪುಣೆಯ ಎಆರ್‌ಎಐ ಸಂಸ್ಥೆ ಪರೀಕ್ಷಿಸಿದಾಗ ರಸ್ತೆಯಲ್ಲಿ ಆ ಕಾರುಗಳ ನಾಕ್ಸ್ ಬಿಎಸ್-4 ಮಿತಿಯ 1.1ರಿಂದ 2.6 ಪಟ್ಟು ಬಂತು. ಭಾರತದಲ್ಲಿ ನಿಯಮ ಮುರಿದಿಲ್ಲ ಅನ್ನೋದು ಕಂಪನಿಯ ವಾದ. ಆದರೂ 3.23 ಲಕ್ಷ ಕಾರುಗಳನ್ನು ಸಾಫ್ಟ್‌ವೇರ್ ಬದಲಿಸೋಕೆ ಕರೆಸಿಕೊಳ್ಳುವುದಾಗಿ ಹೇಳಿತು. 2019ರಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ದಂಡ ಹಾಕಿತು, ಸುಪ್ರೀಂ ಕೋರ್ಟ್ ಅದರ ವಸೂಲಿ ತಡೆಯಿತು.

ಆದರೆ ಅವರು ಯಾಕೆ ಮೋಸ ಮಾಡಿದರು? ದುರಾಸೆ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಇಂಜಿನಿಯರಿಂಗ್ ಉತ್ತರ ಬೇರೆ. ನಾಕ್ಸ್ ಪೂರ್ತಿ ತೆಗೆದರೆ ಮೈಲೇಜು ಬೀಳುತ್ತೆ, ಇಲ್ಲ ಫಿಲ್ಟರ್ ಬೇಗ ತುಂಬುತ್ತೆ, ಇಲ್ಲ ಬೆಲೆ ಏರುತ್ತೆ. ಬೆಲೆ, ಮೈಲೇಜು, ಹೊಗೆ, ಮೂರೂ ಒಟ್ಟಿಗೆ ಕೊಡ್ತೀವಿ ಅಂತ ಜಾಹೀರಾತು ಕೊಟ್ಟವರು ಯಾವುದಾದರೂ ಒಂದರಲ್ಲಿ ಕದಿಯಬೇಕಾಯಿತು. ಕಣ್ಣಿಗೆ ಕಾಣದ್ದನ್ನು ಕದ್ದರು.

ಒಂದು ಮೆಟ್ಟಿಲು ಬಿಟ್ಟು ಹಾರಿದ್ದು

2016ರ ಜನವರಿಯಲ್ಲಿ ನಿತಿನ್ ಗಡ್ಕರಿ ಘೋಷಿಸಿದರು: ಬಿಎಸ್-5 ಬೇಡ, ನೇರ ಬಿಎಸ್-6, 2020ರ ಏಪ್ರಿಲ್ 1ಕ್ಕೆ. ಯುರೋಪ್ ಯುರೋ-4ರಿಂದ ಯುರೋ-6ಕ್ಕೆ ಸುಮಾರು ಒಂಬತ್ತು ವರ್ಷ ತೆಗೆದುಕೊಂಡಿತ್ತು. ನಾವು ಮೂರು ವರ್ಷ. ತೈಲ ಕಂಪನಿಗಳು ರಿಫೈನರಿಗಳಿಗೆ ಸುಮಾರು 30 ಸಾವಿರ ಕೋಟಿ ಸುರಿದವು. ದೆಹಲಿಗೆ 2018ರ ಏಪ್ರಿಲ್‌ನಲ್ಲೇ ಹೊಸ ಇಂಧನ ಬಂತು. ಇದು ಸಣ್ಣ ಸಾಧನೆಯಲ್ಲ. ಈ ಸಲ ಎರಡು ಭಾರತ ಇರಲಿಲ್ಲ, ಹುಬ್ಬಳ್ಳಿಗೂ ಪುಣೆಗೂ ಒಂದೇ ಡೀಸೆಲ್.

ಡೀಸೆಲ್ ಕಾರಿಗೆ ಮಿತಿ ಎಷ್ಟು ಬಿಗಿಯಾಯಿತು ನೋಡಿ. ಪ್ರತಿ ಕಿಲೋಮೀಟರಿಗೆ ನಾಕ್ಸ್ 0.25 ಗ್ರಾಂನಿಂದ 0.08ಕ್ಕೆ. ಮಸಿ 0.025ರಿಂದ 0.0045ಕ್ಕೆ. ಪೆಟ್ರೋಲ್ ಕಾರಿನ ನಾಕ್ಸ್ ಮಿತಿ 0.08ರಿಂದ 0.06ಕ್ಕೆ ಅಷ್ಟೆ. ಪೆಟ್ರೋಲ್‌ನವರು ಹೊಸ್ತಿಲು ದಾಟಿದರು, ಡೀಸೆಲ್‌ನವರು ಗೋಡೆ ಹತ್ತಬೇಕಾಯಿತು.

ಹತ್ತೋಕೆ ಬೇಕಾದದ್ದು ಏನು? ಮಸಿ ಹಿಡಿಯೋಕೆ ಡಿಪಿಎಫ್ ಅನ್ನೋ ಫಿಲ್ಟರ್. ಅದು ತುಂಬಿದಾಗ ಒಳಗಿನ ಮಸಿ ಸುಡಬೇಕು, ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು, ಆ ಬಿಸಿಗೆ ಹೆಚ್ಚುವರಿ ಡೀಸೆಲ್ ಚಿಮ್ಮಿಸಬೇಕು. ಹೆದ್ದಾರಿಯಲ್ಲಿ ಇದು ತಾನಾಗಿ ನಡೆದುಹೋಗುತ್ತೆ. ಸಿಲ್ಕ್ ಬೋರ್ಡಿನಲ್ಲೋ ಹಿಂಜವಡಿಯಲ್ಲೋ ದಿನಾ ತೆವಳುವ ಕಾರಿನಲ್ಲಿ ಸುಡುವ ಕೆಲಸ ಅರ್ಧಕ್ಕೆ ನಿಂತು ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಳ್ಳುತ್ತೆ.

ನಾಕ್ಸ್‌ಗೆ ಎರಡು ದಾರಿ. ಒಂದು, ಪ್ಲಾಟಿನಂನಂಥ ಬೆಲೆಬಾಳುವ ಲೋಹ ಹಾಕಿದ ನಾಕ್ಸ್ ಟ್ರ್ಯಾಪ್. ಅದನ್ನು ಆಗಾಗ ಖಾಲಿ ಮಾಡೋಕೆ ಮತ್ತೆ ಡೀಸೆಲ್ ಖರ್ಚು. ಇನ್ನೊಂದು, ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸುವ ಎಸ್‌ಸಿಆರ್. ಇದಕ್ಕೆ ಬೇರೆ ಟ್ಯಾಂಕು, ಪಂಪು, ಸೆನ್ಸರು. ಬೆಲೆ ಜಾಸ್ತಿ. ಆದರೆ ನಾಕ್ಸ್ ಅನ್ನು ಹಿಂದೆ ತೆಗೆಯುವುದರಿಂದ ಇಂಜಿನ್ನನ್ನು ಬಿಸಿಯಾಗಿ, ಮೈಲೇಜಿಗೆ ತಕ್ಕಂತೆ ಓಡಿಸಬಹುದು. ಅಗ್ಗದ ದಾರಿ ಹಿಡಿದರೆ ಬಂಕಿನಲ್ಲಿ ಕಟ್ಟಬೇಕು, ದುಬಾರಿ ದಾರಿ ಹಿಡಿದರೆ ಶೋರೂಮಿನಲ್ಲಿ.

ಮೈಲೇಜು ಬಿತ್ತಾ? ಹ್ಯುಂಡೈ ಕ್ರೆಟಾ ಬಿಎಸ್-4ರ 1.6 ಡೀಸೆಲ್‌ಗೆ 20.5 ಇತ್ತು, ಬಿಎಸ್-6ರ 1.5 ಡೀಸೆಲ್‌ಗೆ 21.4. ಇಂಜಿನ್ ಬೇರೆ, ಹಾಗಾಗಿ ನೇರ ಹೋಲಿಕೆ ಅಲ್ಲ. ಆದರೆ ಮೈಲೇಜು ಕುಸಿಯಿತು ಅನ್ನೋಕೆ ಆಧಾರ ಇಲ್ಲ. ಏರಿದ್ದು ಬೆಲೆ.

ಈಗ ಲೆಕ್ಕ

ಡೀಸೆಲ್ ಕಾರನ್ನು ಕೊಂದದ್ದು ಬಿಎಸ್-6 ಒಂದೇನಾ? ಲೆಕ್ಕ ಹಾಕೋಣ. ಕಾರಿನ ಬೆಲೆಯ ವ್ಯತ್ಯಾಸ ಮಾತ್ರ ನಾನು ಉದಾಹರಣೆಗೆ ಇಟ್ಟುಕೊಂಡದ್ದು. ಇಂಧನದ ದರ ದೆಹಲಿಯದು.

2012ರ ಮೇ ಕೊನೆ. ಪೆಟ್ರೋಲ್ 73.18 ರೂಪಾಯಿ, ಡೀಸೆಲ್ 40.91. ಆಗ ಡೀಸೆಲ್ ಬೆಲೆ ಸರ್ಕಾರದ ಹಿಡಿತದಲ್ಲಿತ್ತು, ರೈತರು ಮತ್ತು ಲಾರಿಗಳ ಹೆಸರಲ್ಲಿ. ಸ್ವಿಫ್ಟ್ ಪೆಟ್ರೋಲ್ 18.6, ಡೀಸೆಲ್ 22.9 ಮೈಲೇಜು ಅಂದರೆ ಕಿಲೋಮೀಟರಿಗೆ ಪೆಟ್ರೋಲ್ ಖರ್ಚು 3.93 ರೂಪಾಯಿ, ಡೀಸೆಲ್ 1.79. ಉಳಿತಾಯ ಸುಮಾರು 2.15. ಡೀಸೆಲ್ ಕಾರಿಗೆ ಒಂದು ಲಕ್ಷ ಹೆಚ್ಚು ಕೊಟ್ಟಿದ್ದರೆ ಸುಮಾರು 46-47 ಸಾವಿರ ಕಿ.ಮೀ.ಗೆ ವಾಪಸ್. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ನಾಲ್ಕು ವರ್ಷ. ಮಾರಾಟವಾಗುವ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಡೀಸೆಲ್ ಆಗಿದ್ದರಲ್ಲಿ ಏನೂ ಆಶ್ಚರ್ಯ ಇಲ್ಲ.

2013ರ ಜನವರಿಯಿಂದ ತಿಂಗಳಿಗಿಷ್ಟು ಅಂತ ಡೀಸೆಲ್ ಬೆಲೆ ಏರಿಸುತ್ತಾ ಬಂದರು. 2014ರ ಅಕ್ಟೋಬರ್‌ನಲ್ಲಿ ಹಿಡಿತ ಪೂರ್ತಿ ಬಿಟ್ಟರು. 2020ರ ಜೂನ್ 24ಕ್ಕೆ ದೆಹಲಿಯಲ್ಲಿ ಪೆಟ್ರೋಲ್ 79.76, ಡೀಸೆಲ್ 79.88. ಡೀಸೆಲ್ಲೇ ದುಬಾರಿ! ಆ ದಿನಕ್ಕೆ 2018ರ ಸ್ವಿಫ್ಟ್ ಲೆಕ್ಕ ಹಾಕಿ: ಪೆಟ್ರೋಲ್ 22, ಡೀಸೆಲ್ 28.4. ಕಿಲೋಮೀಟರಿಗೆ 3.63 ಮತ್ತು 2.81. ಉಳಿತಾಯ 81 ಪೈಸೆ. ಹೊಸ ನಿಯಮದ ಖರ್ಚು ಸೇರಿಸದೆ, ಅದೇ ಒಂದು ಲಕ್ಷ ವಾಪಸ್ ಬರೋಕೆ 1.23 ಲಕ್ಷ ಕಿ.ಮೀ. ಹತ್ತು ವರ್ಷ. ಬಿಎಸ್-6ರ ಸಾಮಾನು ಸೇರಿಸಿ ವ್ಯತ್ಯಾಸ ಒಂದೂವರೆ ಲಕ್ಷ ಅಂದುಕೊಂಡರೆ ಸುಮಾರು 1.85 ಲಕ್ಷ ಕಿ.ಮೀ. ಹದಿನೈದು ವರ್ಷ ಮೀರಿತು.

ಅಂದರೆ ನಾಲ್ಕರಿಂದ ಹತ್ತು ವರ್ಷಕ್ಕೆ ತಳ್ಳಿದ್ದು ಇಂಧನದ ಬೆಲೆ. ಹತ್ತರಿಂದ ಹದಿನೈದಕ್ಕೆ ತಳ್ಳಿದ್ದು ಹೊಗೆ ನಿಯಮ. ಸಣ್ಣ ಡೀಸೆಲ್ ಕಾರು ನಿಂತಿದ್ದೇ ಸರ್ಕಾರದ ರಿಯಾಯಿತಿ ಮೇಲೆ. ಟ್ರ್ಯಾಕ್ಟರ್‌ಗೆ ಅಂತ ಕೊಟ್ಟ ಸಬ್ಸಿಡಿಯಲ್ಲಿ ನಾವು ನಗರದವರು ಹತ್ತು ವರ್ಷ ಕಾರು ಓಡಿಸಿದೆವು ಅನ್ನೋದನ್ನು ಒಪ್ಪಿಕೊಳ್ಳಬೇಕು.

2019ರ ಏಪ್ರಿಲ್‌ನಲ್ಲಿ ಮಾರುತಿಯ ಅಧ್ಯಕ್ಷ ಆರ್.ಸಿ. ಭಾರ್ಗವ ಮುಂದಿನ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾರಲ್ಲ ಅಂತ ಹೇಳಿದರು. ಅದೇ ವರ್ಷ ತಾವೇ ತಯಾರಿಸಿದ ಹೊಸ 1.5 ಲೀಟರ್ ಡೀಸೆಲ್ ಇಂಜಿನ್ ಹೊರತಂದಿದ್ದರು, ಅದನ್ನೂ ವರ್ಷದೊಳಗೆ ನಿಲ್ಲಿಸಿದರು. 2023ರ ಏಪ್ರಿಲ್‌ನಿಂದ ರಸ್ತೆಯಲ್ಲೇ ಹೊಗೆ ಅಳೆಯುವ ನಿಯಮ ಬಂತು, ಆ ವೆಸ್ಟ್ ವರ್ಜೀನಿಯಾ ತಂಡ ಮಾಡಿದ ಹಾಗೇ. ಆ ಹೊತ್ತಿಗೆ ಹೋಂಡಾ ಸಿಟಿ, ಅಮೇಜ್, ಹ್ಯುಂಡೈ ಐ20ರ ಡೀಸೆಲ್‌ಗಳೂ ಹೋದವು.

ಯಾರು ಕಟ್ಟಿದರು?

ಹೊಗೆ ಶುದ್ಧ ಮಾಡುವ ಸಾಮಾನಿನ ಬೆಲೆ ಕಾರಿನ ಗಾತ್ರಕ್ಕೆ ತಕ್ಕಂತೆ ಇಳಿಯಲ್ಲ. ಐವತ್ತು-ಅರವತ್ತು ಸಾವಿರ ಹೆಚ್ಚಾದರೆ ಹದಿನೆಂಟು ಲಕ್ಷದ ಎಸ್‌ಯುವಿಗೆ ಅದು ಲೆಕ್ಕಕ್ಕಿಲ್ಲ. ಏಳು ಲಕ್ಷದ ಕಾರಿಗೆ ಅದು ಪ್ರಾಣ. ಹಾಗಾಗಿ ಕಡಿಮೆ ಡೀಸೆಲ್ ಕುಡಿಯುತ್ತಿದ್ದ ಸಣ್ಣ ಕಾರು ಸತ್ತಿತು, ಹೆಚ್ಚು ಕುಡಿಯುವ ದೊಡ್ಡ ಗಾಡಿ ಉಳಿಯಿತು. ನಿಯಮ ಬರೆದವರ ಉದ್ದೇಶ ಇದಾಗಿರಲಿಲ್ಲ.

ದೆಹಲಿಯಲ್ಲಿ ಇನ್ನೂ ಒಂದು ಕಥೆ. 2015ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಅಂತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2015ರ ಡಿಸೆಂಬರ್‌ನಲ್ಲಿ 2000 ಸಿಸಿ ಮತ್ತು ಮೇಲಿನ ಡೀಸೆಲ್ ಗಾಡಿಗಳ ನೋಂದಣಿ ನಿಂತಿತು. ಮಹೀಂದ್ರಾ ಕೂಡಲೇ 1.99 ಲೀಟರ್ ಇಂಜಿನ್ ತಂದಿತು! 2016ರ ಆಗಸ್ಟ್‌ನಲ್ಲಿ ಶೇಕಡಾ 1 ಹಸಿರು ಶುಲ್ಕ ಹಾಕಿ ನಿಷೇಧ ತೆಗೆದರು. 2025ರಲ್ಲಿ ಹಳೇ ಗಾಡಿಗಳಿಗೆ ಬಂಕಿನಲ್ಲಿ ಇಂಧನ ಕೊಡಬೇಡಿ ಅಂದರು, ಜನ ಕೂಗಾಡಿದ ಮೇಲೆ ತಡೆದರು. ಆದೇಶಗಳು ಆಮೇಲೂ ಬದಲಾಗುತ್ತಲೇ ಇವೆ.

ಮೇಲಿನ ಲೆಕ್ಕದ ಜೊತೆ ಇದನ್ನು ಇಟ್ಟು ನೋಡಿ. ಹತ್ತು ವರ್ಷಕ್ಕೆ ಗಾಡಿ ಹೋಗಬೇಕಿತ್ತು, ಹೆಚ್ಚು ಕೊಟ್ಟ ದುಡ್ಡು ವಾಪಸ್ ಬರೋಕೆ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕಿತ್ತು. ದ್ವಾರಕಾದಲ್ಲೋ ನೊಯ್ಡಾದಲ್ಲೋ ಇರುವ ನಮ್ಮವರೊಬ್ಬರು ಸಾಲ ಮಾಡಿ, ನಿಯಮ ಪಾಲಿಸಿದ ಗಾಡಿಯನ್ನೇ ಕೊಂಡು, ಹದಿನೈದು ವರ್ಷದ ತೆರಿಗೆ ಮೊದಲೇ ಕಟ್ಟಿರುತ್ತಾರೆ. ಅವರ ಗಾಡಿ ಎಷ್ಟು ಹೊಗೆ ಬಿಡುತ್ತೆ ಅಂತ ಯಾರೂ ಅಳೆಯಲಿಲ್ಲ. ವಯಸ್ಸು ಮಾತ್ರ ನೋಡಿದರು. ನನ್ನ ತಕರಾರು ಇಲ್ಲಿದೆ. ಮೂವತ್ತು ವರ್ಷ ಕಷ್ಟಪಟ್ಟು ಅಳೆಯೋದನ್ನು ಕಲಿತ ದೇಶ, ಕೊನೆಗೆ ಅಳತೆ ಬಿಟ್ಟು ಕ್ಯಾಲೆಂಡರ್ ನೋಡಿದ್ದು ಸರಿಯಲ್ಲ.

ಹಾಗಂತ ನಿಯಮವೇ ಬೇಡವಾಗಿತ್ತಾ? ಖಂಡಿತ ಬೇಕಿತ್ತು. 2012ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಬಿಎಸ್-2ರಿಂದ ಬಿಎಸ್-6ಕ್ಕೆ ಮಸಿಯ ಮಿತಿ 0.08ರಿಂದ 0.0045ಕ್ಕೆ ಬಂದಿದೆ. ಹಿಂದೆ ಒಂದು ಕಾರು ಬಿಡಬಹುದಾಗಿದ್ದ ಮಸಿ ಈಗ ಹದಿನೇಳು ಕಾರಿಗೆ ಸಾಲುತ್ತೆ. ಸಿಗ್ನಲ್‌ನಲ್ಲಿ ಕಾರಿನ ಹಿಂದೆ ಸ್ಕೂಟರ್ ಮೇಲೆ ಮಗು ಕೂರಿಸಿಕೊಂಡು ನಿಂತವರಿಗೆ ಮೈಲೇಜಿನ ಲಾಭ ಯಾವತ್ತೂ ಸಿಕ್ಕಿರಲಿಲ್ಲ, ಹೊಗೆ ಮಾತ್ರ ಸಿಗುತ್ತಿತ್ತು. ಆ ಖರ್ಚು ಹಿಂದೆಯೂ ಇತ್ತು, ಕಾರಿನ ಬಿಲ್‌ನಲ್ಲಿ ಇರಲಿಲ್ಲ ಅಷ್ಟೆ. ಈಗ ಬಿಲ್‌ನಲ್ಲಿ ಬಂದಿದೆ.

ಕೊನೆಯದಾಗಿ, ತುಂಬಾ ಜನ ಕೇಳುವ ಪ್ರಶ್ನೆ: ಈಗ ಡೀಸೆಲ್ ಕಾರು ತಗೋಬಹುದಾ? ವರ್ಷಕ್ಕೆ ಎಷ್ಟು ಓಡಿಸ್ತೀರಿ, ಅದರಲ್ಲಿ ಹೆದ್ದಾರಿ ಎಷ್ಟು, ನಿಮ್ಮ ಊರಿನಲ್ಲಿ ಗಾಡಿಗೆ ಎಷ್ಟು ವರ್ಷ ಆಯಸ್ಸು, ಈ ಮೂರನ್ನು ಬರೆದುಕೊಂಡು ಮೇಲಿನ ಲೆಕ್ಕದಲ್ಲಿ ಇವತ್ತಿನ ದರ ಹಾಕಿ ನೋಡಿ. ಮಾರುವವನ ಮಾತಿಗಿಂತ ಆ ಒಂದು ಭಾಗಾಕಾರ ನಂಬಿ. ಲೆಕ್ಕದಲ್ಲಿ ಎಲ್ಲಾದರೂ ಎಡವಟ್ಟು ಕಂಡರೆ ಬರೆದು ತಿಳಿಸಿ, ತಿದ್ದಿಕೊಳ್ಳೋಣ. ಮುಂದಿನ ಕಂತಿನಲ್ಲಿ ಸಿಎನ್‌ಜಿ ಕಥೆ ತಗೊಂಡು ಬರ್ತೀನಿ.